ಗೋಡೆಗೂ ಒಂದು ಮಾರ್ಜಿನ್

ಗೋಡೆಗೆ ಯಾರೂ ಮಾರ್ಜಿನ್ ಬಿಡುವುದಿಲ್ಲ ಎಂಬ ಸಂಗತಿ ನನಗೆ ತಿಳಿದದ್ದು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಹುಮನಾಬಾದಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ, ಮೀಸೆ ಈಗಷ್ಟೇ ಮೂಡುತ್ತಿದ್ದ ಡಿಪ್ಲೊಮಾ ಹುಡುಗರ ಎದುರು. ಜಂಪರ್, ಅಂದರೆ ರವಿಕೆ, ಹೊಲಿಯುವ ನಾವು ಅಳತೆಯ ಸುತ್ತ ಒಂದಿಷ್ಟು ಬಟ್ಟೆ ಹೆಚ್ಚಿಗೆ ಬಿಡುತ್ತೇವೆ, ಮುಂದೆ ಮೈ ಬಂದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಲು ಬರಲಿ ಎಂದು. ಇಪ್ಪತ್ತಾರು ವರ್ಷ ಪಳಗಿದ ಕೈ, ಸುಮ್ಮನಿರುತ್ತದೆಯೇ? ನಮ್ಮ ಮನೆಯ ನಕ್ಷೆ ಬರೆಯುವಾಗಲೂ ಪ್ರತಿ ಕೋಣೆಯ ನಾಲ್ಕೂ ಬದಿಗೆ ತಾನಾಗಿ ಅರ್ಧರ್ಧ ಅಡಿ ಬಿಟ್ಟುಬಿಟ್ಟಿತ್ತು.

ನಮಗೆ ಕಲಿಸುವ ರೇಖಾ ಮೇಡಂಗೆ ಇಪ್ಪತ್ನಾಲ್ಕು ವರ್ಷ. ಅವರು ನನ್ನ ಪರದೆಯನ್ನು ತುಸು ಹೊತ್ತು ನೋಡಿ ಬಹಳ ಮರ್ಯಾದೆಯಿಂದ ಹೇಳಿದರು, "ಅಕ್ಕಾರ, ನಿಮ್ಮ ಅಡಿಗಿಮನಿ ರೋಡಿಗೆ ಬಂದದ್ರಿ."

ನಾನು ಯಾಕೆ ಹಾಗೆ ಮಾಡಿದೆನೆಂದು ವಿವರಿಸಿದೆ. ಹುಡುಗರು ನಗಬಾರದೆಂದು ಕೆಮ್ಮಿದರು. "ಗ್ವಾಡಿಗಿ ಮುಂದ ಮೈ ಬರಂಗಿಲ್ರಿ ಅಕ್ಕಾರ," ಎಂದು ಮೇಡಂ ಸಮಾಧಾನ ಹೇಳಿ ಒಂದೊಂದೇ ಗೋಡೆಯನ್ನು ಒಳಕ್ಕೆ ಸರಿಸಿಕೊಟ್ಟರು.

ಬಸವಕಲ್ಯಾಣದ ಒಬ್ಬ ಟೇಲರ್ ಹೆಂಗಸಿಗೆ ಈ ವಿದ್ಯೆ ಯಾಕೆ ಬೇಕಾಯಿತು ಎಂದು ನೀವು ಕೇಳಬಹುದು. ನಮ್ಮ ಮನೆಯವರೂ ಕೇಳಿದರು. ಕಾರಣ ಒಂದು ಕಿಟಕಿ. ಮದುವೆಯಾಗಿ ಬಂದಂದಿನಿಂದ ನನ್ನ ಹೊಲಿಗೆ ಮಷಿನ್ ಇರುವುದು ಮೆಟ್ಟಿಲ ಕೆಳಗೆ. ಅಲ್ಲಿ ಹಗಲೂ ಟ್ಯೂಬ್‌ಲೈಟ್ ಬೇಕು. ಆ ಬೆಳಕಿನಲ್ಲಿ ಕಡುನೀಲಿ ದಾರಕ್ಕೂ ಕರಿ ದಾರಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ದಾರದ ಉಂಡೆಯನ್ನು ಹಿಡಿದುಕೊಂಡು ದಿನಕ್ಕೆ ಹತ್ತು ಸಲ ಬೀದಿ ಬಾಗಿಲಿಗೆ ಓಡುವುದು ನನ್ನ ಪಾಲಿನ ವ್ಯಾಯಾಮ. ಕೊನೆಗೂ ಮಾಳಿಗೆಯ ಮೇಲೆ ಕೋಣೆಗಳನ್ನು ಕಟ್ಟುವುದೆಂದು ಆದಾಗ ಎಂಜಿನಿಯರ್ ತಂದ ನಕ್ಷೆಯಲ್ಲಿ ಮಲಗುವ ಕೋಣೆ ಇತ್ತು, ಅತಿಥಿಗಳ ಕೋಣೆ ಇತ್ತು, ಯಾವ ಅತಿಥಿಯೋ ನಾ ಕಾಣೆ. ನನ್ನ ಮಷಿನ್ ಮತ್ತೆ ಮೆಟ್ಟಿಲ ಕೆಳಗೇ ಇತ್ತು.

"ಮಷಿನ್ ಎಲ್ಲ್ಯಾದ್ರೂ ಕುಂಡ್ರತದ್ರಿ ಅಕ್ಕಾ," ಎಂದರು ಎಂಜಿನಿಯರ್.

ಮಷಿನ್ ಕೂತೀತು. ಅದರ ಮುಂದೆ ಕೂಡುವವಳು ನಾನಲ್ಲವೇ? ನನಗೆ ಸಿಟ್ಟು ಬಂತು. ಉತ್ತರಕ್ಕೆ ಕಿಟಕಿ ಇಟ್ಟರೆ ಇಡೀ ದಿನ ಒಂದೇ ಹದದ ಬೆಳಕು ಬರುತ್ತದೆ, ಬಣ್ಣ ಸುಳ್ಳು ಹೇಳುವುದಿಲ್ಲ ಎಂಬುದು ನನಗೆ ಗೊತ್ತು. ಅದನ್ನು ಅವರ ಗೆರೆಗಳ ಭಾಷೆಯಲ್ಲಿ ಬರೆದು ತೋರಿಸುವುದು ಗೊತ್ತಿರಲಿಲ್ಲ. ಹೀಗಾಗಿ ವಾರಕ್ಕೆ ಮೂರು ದಿನ ಹುಮನಾಬಾದಿನ ಬಸ್ಸು ಹತ್ತಿದೆ. ಕಬ್ಬಿನ ಹಂಗಾಮಿನಲ್ಲಿ ಬಸ್ಸು ಟ್ರ್ಯಾಕ್ಟರುಗಳ ಬೆನ್ನಿಗೆ ಬಿದ್ದು ತೆವಳುತ್ತದೆ. ಹಾಗೆ ತೆವಳುವಾಗ ನಾನು ಹೆದ್ದಾರಿಯ ಬದಿಯ ಮನೆಗಳ ಕಿಟಕಿಗಳನ್ನು ಎಣಿಸುತ್ತಿದ್ದೆ. ಮೊದಲು ಅದೇ ಬಸ್ಸಿನಲ್ಲಿ ಕೂತು ಹೆಂಗಸರ ಜಂಪರಿನ ತೋಳಿನ ಅಂಚನ್ನು ನೋಡುತ್ತಿದ್ದವಳು ನಾನು.

ಕ್ಲಾಸಿನಲ್ಲಿ ಕಲಿಸುತ್ತಿದ್ದ ನಕ್ಷೆಯ ತಂತ್ರಾಂಶದ ಮಾಯೆಯೇ ಬೇರೆ. ನೆಲದ ಮೇಲೆ ಒಂದು ಚೌಕ ಬರೆದು ಅದನ್ನು ಹಿಡಿದು ಮೇಲಕ್ಕೆ ಎಳೆದರೆ ಗೋಡೆ ಎದ್ದು ನಿಲ್ಲುತ್ತದೆ. ಮೌಸಿನ ಗಾಲಿ ಒತ್ತಿ ಹಿಡಿದು ಎಳೆದರೆ ಮನೆ ನಿಮ್ಮ ಕಣ್ಣೆದುರು ತಿರುಗುತ್ತದೆ. ಹೊಸ ಕೆಲಸ ತೆರೆದಾಗಲೆಲ್ಲ ಖಾಲಿ ಜಾಗದಲ್ಲಿ ಒಬ್ಬ ಮನುಷ್ಯ ಮೊದಲೇ ಬಂದು ನಿಂತಿರುತ್ತಾನೆ. ಎತ್ತರದ ಅಂದಾಜಿಗೆ ಇಟ್ಟದ್ದಂತೆ. ಅವನ ಅಂಗಿಯ ಭುಜ ಸರಿಯಾಗಿ ಕೂತಿಲ್ಲ. ಮೂರು ತಿಂಗಳು ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಉಳಿದಂತೆ ನನಗೆ ಆ ವಿದ್ಯೆ ಅಪರಿಚಿತ ಅನಿಸಲಿಲ್ಲ. ಜಂಪರಿನ ತೋಳನ್ನು ಕಾಗದದ ಮೇಲೆ ಕತ್ತರಿಸಿಟ್ಟರೆ ಅದು ಒಂದು ಸಣ್ಣ ಗುಡ್ಡದಂತೆ ಕಾಣುತ್ತದೆ, ಅದರೊಳಗೆ ಕೈ ಹೋಗುತ್ತದೆಂದು ಕಲಿಯದವರು ನಂಬುವುದಿಲ್ಲ. ಚಪ್ಪಟೆಯಾದದ್ದನ್ನು ನೋಡಿ ಒಳಗಿನ ಮೈಯನ್ನು ಕಾಣುವುದೇ ಎರಡೂ ಕಸುಬಿನ ಗುಟ್ಟು. ಇದನ್ನು ಕ್ಲಾಸಿನಲ್ಲಿ ಹೇಳಿದೆ. ಹುಡುಗರು ಮತ್ತೆ ಕೆಮ್ಮಿದರು, ಮೇಡಂ ಮಾತ್ರ ಬರೆದುಕೊಂಡರು.

ಅಂತೂ ಮಾಳಿಗೆಯ ಉತ್ತರದ ಅಂಚಿಗೆ, ಹನ್ನೆರಡಕ್ಕೆ ಹನ್ನೊಂದು ಅಡಿಯ ನನ್ನ ಕೋಣೆ ಪರದೆಯ ಮೇಲೆ ಎದ್ದಿತು. ದೊಡ್ಡ ಕಿಟಕಿ, ಅದರ ಕೆಳಗೆ ಮಷಿನ್, ಪಕ್ಕಕ್ಕೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಎಂಜಿನಿಯರ್ ನೋಡಿ, "ನೀವೇ ಮಾಡೀರೇನ್ರಿ?" ಎಂದು ಎರಡು ಸಲ ಕೇಳಿ ಒಪ್ಪಿಕೊಂಡರು. ನಾನು ಬೀಗಿದೆ. ಆಗಲೇ ಮೇಡಂ ಇನ್ನೊಂದು ಗುಂಡಿ ತೋರಿಸಿದರು. ಅದರಲ್ಲಿ ಸೂರ್ಯ ಇದ್ದಾನೆ. ಊರು, ತಿಂಗಳು, ಗಂಟೆ ಹೇಳಿದರೆ ಬಿಸಿಲು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ಎಂದು ತೋರಿಸುತ್ತಾನೆ. "ಬಾಜೂ ಮನಿ ಅಳತೀನೂ ಹಾಕ್ರಿ. ಇಲ್ಲಾಂದ್ರ ಖರೇ ಬೆಳಕ ಗೊತ್ತಾಗಂಗಿಲ್ಲ," ಎಂದರು.

ನಿಜ ಹೇಳುತ್ತೇನೆ, ನನಗೆ ಆಗ ಇದ್ದ ಚಿಂತೆ ಒಂದೇ: ಉತ್ತರದ ಮನೆಯವರ ಗೋಡೆ ನನ್ನ ಬೆಳಕನ್ನು ಕದ್ದೀತೇ?

ಆ ಮನೆ ಹಲೀಮಾ ಖಾಲಾ ಅವರದು. ನನಗೆ ಅವರು ಖಾಲಾ, ಅಂದರೆ ಚಿಕ್ಕಮ್ಮ. ಎಪ್ಪತ್ತರ ಹತ್ತಿರದವರು, ಮಕ್ಕಳು ಮೊಮ್ಮಕ್ಕಳಿಂದ ತುಂಬಿದ ಮನೆ. ನಾನು ಹೊಲಿದ ಜಂಪರುಗಳಿಗೆ ಹುಕ್ಕು ಹಚ್ಚುವುದು, ಹುಕ್ಕು ಸಿಗಿಸಲು ದಾರದ ಕಾಜಾ ಹೆಣೆಯುವುದು ಹದಿನೆಂಟು ವರ್ಷದಿಂದ ಅವರ ಕೆಲಸ. ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ಹೋಗಿ ಅವರ ಅಂಗಳದಲ್ಲಿ ಬಗ್ಗಿ ಅಳೆಯತೊಡಗಿದೆ.

"ಏನ್ ಮಾಡಾಕತ್ತೀಯ ಬೇಟಿ? ನಮ್ಮ ಅಂಗಳಕ್ಕ ಜಂಪರ್ ಹೊಲೀತೀಯೇನು?" ಎಂದರು ಖಾಲಾ.

"ಹೌದ್ರಿ ಖಾಲಾ, ಬ್ಲೌಸ್‌ಪೀಸ್ ಕಡಿಮಿ ಬೀಳಾಕತ್ತದ," ಎಂದೆ. ಇಬ್ಬರೂ ನಕ್ಕೆವು. ಅವರ ಮಂಚದ ಅಳತೆಯನ್ನೂ ತೆಗೆದುಕೊಂಡು ಬಂದೆ.

ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಅವರ ಮನೆ ಕಟ್ಟಿದೆ, ಅಂಗಳದ ನಡುವೆ ಮಂಚ ಇಟ್ಟೆ. ಡಿಸೆಂಬರ್, ಬೆಳಗಿನ ಒಂಬತ್ತು ಗಂಟೆ ಎಂದೆ. ಅವರ ಗೋಡೆ ನನ್ನ ಕಿಟಕಿಯ ತಂಟೆಗೇ ಬರಲಿಲ್ಲ. ನನ್ನ ಕೋಣೆಯ ನೆರಳು ಮಾತ್ರ ಗೋಡೆ ಇಳಿದು, ಅಂಗಳ ದಾಟಿ, ಮಂಚದ ಮೇಲೆ ಮಲಗಿತು. ಹತ್ತು ಗಂಟೆ ಮಾಡಿದೆ. ಹನ್ನೊಂದು ಮಾಡಿದೆ. ಮಧ್ಯಾಹ್ನದವರೆಗೆ ಅದು ಏಳಲಿಲ್ಲ.

ಚಳಿಗಾಲದಲ್ಲಿ ಖಾಲಾ ಒಂಬತ್ತಕ್ಕೆ ಮಂಚವನ್ನು ಅಲ್ಲಿಗೇ ಎಳೆದುಕೊಳ್ಳುತ್ತಾರೆ. ಮಂಡಿಗೆ ಬಿಸಿಲು ಬೇಕು, ಸೂಜಿಯ ಕಣ್ಣಿಗೆ ದಾರ ಪೋಣಿಸಲು ಬೆಳಕು ಬೇಕು. ನನ್ನ ಕಾಜಾಗಳೆಲ್ಲ ಆ ಬಿಸಿಲಿನಲ್ಲೇ ಹುಟ್ಟಿದವು. ಇಪ್ಪತ್ತಾರು ವರ್ಷ ಕತ್ತಲಲ್ಲಿ ಕೂತವಳಿಗೆ ಕತ್ತಲೆಂದರೇನೆಂದು ಯಾರೂ ಕಲಿಸಬೇಕಾಗಿಲ್ಲ. ಆದರೂ ನಾನು ಮಾಡಿದ್ದೇನು ಗೊತ್ತೇ? ತಿಂಗಳನ್ನು ಏಪ್ರಿಲ್‌ಗೆ ಸರಿಸಿದೆ. ಏಪ್ರಿಲ್ಲಿನಲ್ಲಿ ಅಂಗಳ ಬೆಳ್ಳಗಿತ್ತು, ನಾನು ನಿರಪರಾಧಿಯಾಗಿದ್ದೆ. ಎರಡು ದಿನ ನಮ್ಮ ಲ್ಯಾಪ್‌ಟಾಪಿನಲ್ಲಿ ಏಪ್ರಿಲ್ ತಿಂಗಳೇ ಇತ್ತು.

ನಮ್ಮ ಮನೆಯವರು ನ್ಯಾಯದ ಮಾತು ಆಡಿದರು. "ನಮ್ಮ ಜಾಗದಾಗ ನಾವು ಕಟ್ಟಾಕತ್ತೇವಿ. ಅವರ ಅಂಗಳದಾಗ ಒಂದು ಇಟ್ಟಂಗಿ ಸೈತ ಇಡಾಕತ್ತಿಲ್ಲ. ನೆರಳಿಗೂ ಯಾರರ ಇಜಾಜತ್ ಕೇಳ್ತಾರೇನು?"

ಅನುಮತಿ ಕೇಳಬಹುದಿತ್ತು. ಆದರೆ ಕೇಳಿದರೆ ಖಾಲಾ "ಕಟ್ಟು ಬೇಟಿ, ಕಟ್ಟು" ಎಂದು ಆವತ್ತೇ ಮಂಚ ಎತ್ತಿ ಒಳಗಿಡುತ್ತಿದ್ದರು. ಅದಕ್ಕೇ ನಾನು ಕೇಳಲಿಲ್ಲ.

ಮೂರನೆಯ ದಿನ ಡಿಸೆಂಬರ್‌ಗೆ ಮರಳಿದೆ. ಕೋಣೆಯನ್ನು ಹಿಡಿದು ದಕ್ಷಿಣಕ್ಕೆ ಒಂದೊಂದೇ ಅಡಿ ಸರಿಸುತ್ತ ಹೋದೆ. ಹತ್ತನೆಯ ಅಡಿಗೆ ನೆರಳು ಮಂಚದಿಂದ ಇಳಿದು ಗೋಡೆಯ ಬುಡಕ್ಕೆ ಸರಿಯಿತು. ಕಿಟಕಿ ಉತ್ತರಕ್ಕೇ ಉಳಿಯಿತು, ಈಗ ನಮ್ಮದೇ ಮಾಳಿಗೆಯತ್ತ ತೆರೆಯುತ್ತಿತ್ತು. ಹೋದದ್ದು ಕೋಣೆಯ ಅಗಲ. ಅತ್ತ ನೀರಿನ ಟಾಕಿ ಇದ್ದದ್ದರಿಂದ ಅದು ಎಂಟಡಿಗೆ ಬಂತು, ನನ್ನ ಉದ್ದನೆಯ ಮೇಜು ಗೋಡೆಗೆ ಮಡಚುವ ಹಲಗೆಯಾಯಿತು. ಆ ಮೇಜನ್ನು ಅಳಿಸುವಾಗ ದುಃಖವಾಯಿತು, ಸುಳ್ಳೇಕೆ ಹೇಳಲಿ.

ಮೇಡಂ ಹೊಸ ನಕ್ಷೆ ನೋಡಿ ಉತ್ತರಕ್ಕೆ ಉಳಿದ ಖಾಲಿ ಜಾಗದ ಮೇಲೆ ಬೆರಳಿಟ್ಟರು. "ಇಷ್ಟ ಜಾಗಾ ಯಾಕ ಬಿಟ್ಟೀರಿ ಅಕ್ಕಾರ?"

"ಮಾರ್ಜಿನ್ರಿ ಮೇಡಂ," ಎಂದೆ. ಈ ಸಲ ಯಾರೂ ಕೆಮ್ಮಲಿಲ್ಲ.

ಕೋಣೆ ಎದ್ದು ಈಗ ಮೊದಲ ಚಳಿಗಾಲ. ಕಡುನೀಲಿ ಕಡುನೀಲಿಯಾಗಿಯೇ ಕಾಣುತ್ತಿದೆ. ಹೊಲಿದ ಜಂಪರುಗಳನ್ನು ಚೀಲಕ್ಕೆ ತುಂಬಿ, ಮಾಳಿಗೆಯ ಅಂಚಿಗೆ ಹೋಗಿ, ಹಗ್ಗಕ್ಕೆ ಕಟ್ಟಿ ಖಾಲಾ ಅವರ ಅಂಗಳಕ್ಕೆ ಇಳಿಬಿಡುತ್ತೇನೆ. ನಿನ್ನೆ ಬೆಳಿಗ್ಗೆ ಹತ್ತರ ಹೊತ್ತಿಗೆ ಕೆಳಗೆ ಇಣುಕಿದಾಗ ಅವರು ಮಂಚದ ಮೇಲೆ ಕೂತು, ಹಣೆಗೆ ಕೈ ಅಡ್ಡ ಹಿಡಿದು ನನ್ನತ್ತ ನೋಡಿ ಗದರಿದರು.

"ಏನ್ ಬಿಸಲವ್ವ ಇದು, ಕಣ್ಣ ಕುಕ್ಕಾಕತ್ತದ! ಅಷ್ಟ ದೊಡ್ಡ ಖೋಲಿ ಕಟ್ಟಿಸೀದಿ, ನಮ್ಮ ಅಂಗಳಕ್ಕ ಒಂದು ಗೇಣ ನೆರಳರ ಬೀಳೋಹಂಗ ಕಟ್ಟಿಸಬಾರದಾಗಿತ್ತೇನು?"

"ತಪ್ಪಾತ್ರಿ ಖಾಲಾ," ಎಂದೆ. ನಗು ತಡೆಯಲು ತುಟಿ ಕಚ್ಚಿಕೊಂಡು ಹಗ್ಗ ಎಳೆದುಕೊಂಡೆ. ಖಾಲಾ ಮುಗಿಸಿ ಅದಕ್ಕೇ ಕಟ್ಟಿ ಕಳಿಸಿದ ಜಂಪರುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದು ಕಾಜಾ ಕೂಡ ಗೆರೆ ತಪ್ಪಿರಲಿಲ್ಲ.