ಮರಿಗಳ ಕಾಳು ಬದಲಿಸಿದ ವಾರ

ಮಾವನವರು ನನ್ನೊಡನೆ ನೇರವಾಗಿ ಮಾತಾಡತೊಡಗಿದ್ದು ನಾನು ಆ ಮನೆ ಸೇರಿ ಕೆಲವು ವರ್ಷಗಳಾದ ಮೇಲೆ, ಅದೂ ಕೋಳಿಮರಿಗಳ ದೆಸೆಯಿಂದ. ಅದಕ್ಕೆ ಮೊದಲು ಜಗಳವೇನೂ ಇರಲಿಲ್ಲ. ಬೈಲಹೊಂಗಲದ ಕಡೆಯ ಮನೆತನ. ಸೊಸೆಯ ಜೊತೆ ಮಾವ ಹೆಚ್ಚು ಮಾತಾಡುವ ರೂಢಿ ಅವರಲ್ಲಿಲ್ಲ. ಚಹಾ ಬೇಕಾದರೆ ಅತ್ತೆಗೆ ಹೇಳುವರು, ಅತ್ತೆ ನನಗೆ ಹೇಳುವರು. ತುಮಕೂರಿನಿಂದ ಬಂದ ನಾನು ಆ ಮೌನವನ್ನು ಬಹಳ ದಿನ ಅಸಮಾಧಾನವೆಂದೇ ತಿಳಿದಿದ್ದೆ.

ನಮ್ಮ ಮನೆ ಮರಾಠಿ ಸೀಮೆಯ ಚಿಂಚವಾಡದ ಹಳೆಯ ಕಾರ್ಮಿಕರ ಕಾಲೊನಿಯಲ್ಲಿದೆ. ಮಾವ ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ಆಯುಷ್ಯವನ್ನೆಲ್ಲ ಕಳೆದು ನಿವೃತ್ತರಾದವರು. ಹಿತ್ತಿಲೆಂದರೆ ಬಟ್ಟೆ ಒಣಹಾಕುವಷ್ಟು ಜಾಗ, ಒಂದು ನುಗ್ಗೆ ಮರ. ಆ ವರ್ಷ ನಾದಿನಿಯ ಬಾಣಂತನಕ್ಕೆಂದು ಅತ್ತೆ ಹುಬ್ಬಳ್ಳಿಗೆ ಹೋದರು. ನನ್ನ ಗಂಡ ಬೆಳಿಗ್ಗೆ ರಾಂಜಣಗಾಂವದ ಕಂಪನಿ ಬಸ್ಸು ಹತ್ತಿದರೆ ಮರಳುವುದು ಕತ್ತಲಾದ ಮೇಲೆ. ನಾನು ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಒಂದು ಕಂಪನಿಯ ಕೆಲಸ ಮಾಡುತ್ತಿದ್ದೆ. ಹಗಲಿಡೀ ನಾನು ಮತ್ತು ಮಾವ ಇಬ್ಬರೇ. ನಡುವೆ ಮಾತು ದಾಟಿಸಲು ಅತ್ತೆಯೂ ಇರಲಿಲ್ಲ.

ಒಂದು ಭಾನುವಾರ ಗಂಡ ಶಿರೂರಿನ ಗೆಳೆಯನ ತೋಟದಿಂದ ರಟ್ಟಿನ ಡಬ್ಬಿಯಲ್ಲಿ ಕೋಳಿಮರಿಗಳನ್ನು ಹಿಡಿದುಕೊಂಡು ಬಂದ. ನಮ್ಮ ಕಡೆ ನಾಟಿ ಅನ್ನುತ್ತೇವೆ, ಮಾವನ ಊರಲ್ಲಿ ಜವಾರಿ, ಇಲ್ಲಿನವರ ಬಾಯಲ್ಲಿ ಗಾವರಾನ್. ಅಪ್ಪನಿಗೆ ಹೊತ್ತು ಹೋಗಲಿ ಎಂಬುದು ಅವನ ಲೆಕ್ಕ. ಮಾವ ಮರುದಿನವೇ ಕೆಟ್ಟುಹೋಗಿದ್ದ ಕೂಲರಿನ ಕಬ್ಬಿಣದ ಚೌಕಟ್ಟಿಗೆ ಜಾಲರಿ ಬಿಗಿದು ಗೂಡು ಮಾಡಿದರು, ಬೆಚ್ಚಗಿರಲೆಂದು ಒಳಗೊಂದು ಬಲ್ಬು ಇಳಿಬಿಟ್ಟರು. ಎಳೆ ಮರಿಗಳಿಗೆಂದೇ ಮಾರುವ ನುಣ್ಣನೆಯ ಪುಡಿಯನ್ನು ತಂದು ಹಾಕುತ್ತಿದ್ದರು. ಮರಿಗಳು ಅದನ್ನು ತಿಂದು, ನೀರಿನ ತಟ್ಟೆಯಲ್ಲಿ ಕಾಲಿಟ್ಟು, ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದವು.

ಮೈತುಂಬ ಗರಿ ಬಂದು ಕಾಲು ಉದ್ದವಾದಾಗ, ಪುಡಿ ಮುಗಿಯಿತೆಂದು ಮಾವ ಬೆಳೆಯುವ ಕೋಳಿಗಳ ಕಾಳಿನ ಚೀಲ ತಂದರು. ಇದು ದಪ್ಪ ನುಚ್ಚಿನಂತಿತ್ತು, ಬಣ್ಣವೂ ಬೇರೆ. ಮರಿಗಳು ಓಡಿಬಂದು ಒಂದೆರಡು ಸಲ ಕುಕ್ಕಿ ಹಿಂದೆ ಸರಿದವು. ಕೊಕ್ಕಿನಿಂದ ಅತ್ತಿತ್ತ ಚೆಲ್ಲಿ, ಅಡಿಯಲ್ಲೇನಾದರೂ ಹಳೆಯದು ಸಿಕ್ಕೀತೇ ಎಂದು ಹುಡುಕಿದವು. ಸಂಜೆಗೆ ತಟ್ಟೆ ಹಾಗೇ ಇತ್ತು. ಹಸಿದರೆ ತಾವೇ ತಿನ್ನುತ್ತವೆ ಎಂದು ಮಾವ ನುಗ್ಗೆ ಮರಕ್ಕೆ ಹೇಳುವವರಂತೆ ಹೇಳಿ ಒಳಗೆ ಹೋದರು.

ಮರುದಿನ ಕೆಲವು ತಿಂದವು, ತಿಂದವಕ್ಕೆ ನೀರುನೀರಾಗಿ ಭೇದಿಯಾಯಿತು. ಒಂದು ಕಂದು ಮರಿ ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ಮುದುರಿ ನಿಂತಿತ್ತು, ಮುಟ್ಟಿದರೂ ಓಡಲಿಲ್ಲ. ಮಾವ ಮತ್ತೆ ಅದೇ ಕಾಳನ್ನು ತಟ್ಟೆಗೆ ಸುರಿಯುತ್ತಿದ್ದರು. ಬಟ್ಟೆ ಹರವುತ್ತಿದ್ದ ನನಗೆ ತಡೆಯಲಾಗಲಿಲ್ಲ.

"ಮಾವ, ಹೀಗೆ ಒಂದೇ ಸಲ ಬದಲಾಯಿಸಬಾರದೇನೋ. ಹಳೇದರ ಜೊತೆ ಸ್ವಲ್ಪ ಸ್ವಲ್ಪವೇ ಬೆರೆಸಿ ಕೊಡೋಣ."

ನನ್ನ ದನಿ ನಾನೆಣಿಸಿದ್ದಕ್ಕಿಂತ ಗಟ್ಟಿಯಾಗಿತ್ತು. ಅವರು ಕಾಳಿನ ಡಬ್ಬಿ ಕೆಳಗಿಟ್ಟು ಒಳಗೆ ಹೋದರು. ಅತ್ತೆ ಇಲ್ಲದಾಗ ಎದುರು ಮಾತಾಡಿದೆನೆಂದು ಮನಸ್ಸು ಕಸಿವಿಸಿಗೊಂಡಿತ್ತು. ಮಧ್ಯಾಹ್ನ ಊಟದ ಪಾತ್ರೆ ತೊಳೆಯುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ಅವರು ಬಂದು ನಿಂತರು.

"ಹಳೇ ಕಾಳು ಮುಗದೈತಿ. ತರಾಕ ಹೋಗೂಣು, ನೀನೂ ಬಾ ಯವ್ವಾ."

ಅವರ ಸ್ಕೂಟರಿನ ಹಿಂದೆ ನಾನು ಕೂತದ್ದು ಅದೇ ಮೊದಲು. ನಮ್ಮಿಬ್ಬರ ನಡುವೆ ಖಾಲಿ ಚೀಲವನ್ನು ಮಡಿಸಿ ಇಟ್ಟುಕೊಂಡಿದ್ದೆ. ಅಂಗಡಿಯವನು ಮರಾಠಿಯಲ್ಲಿ ಎಲ್ಲ ಕೇಳಿಸಿಕೊಂಡು, ಬಹಳ ಜನ ಹೀಗೇ ಮಾಡುತ್ತಾರೆಂದ. ವಾರವಿಡೀ ಎರಡನ್ನೂ ಬೆರೆಸಿ ಕೊಡಿ, ನೀರು ಸದಾ ಇರಲಿ, ತಿಂದದ್ದು ಹೊಟ್ಟೆಯಲ್ಲಿ ಅರೆಯಲು ಸಣ್ಣ ಹರಳುಕಲ್ಲು ಸ್ವಲ್ಪ ಇಡಿ ಎಂದ.

ಆ ಸಂಜೆ ಹಿತ್ತಿಲಲ್ಲಿ ಅಗಲವಾದ ಬುಟ್ಟಿಯ ಎರಡು ಕಡೆ ಕೂತು ಕಾಳು ಬೆರೆಸಿದೆವು. ಹಳೆಯದೇ ಹೆಚ್ಚು, ಹೊಸದು ಬರೀ ಒಂದು ಹಿಡಿ. ಮಾವ ಬೆರಳಲ್ಲಿ ಕಲಸುತ್ತ, ತಲೆ ಎತ್ತದೆ, "ಲಗ್ನಾಗಿ ಬಂದ ಹೊಸದಾಗ ನಿನಗೂ ರೊಟ್ಟಿ ಹಿಡಿಸಿರ್ಲಿಲ್ಲ," ಅಂದರು. ನಿಜವೇ. ಮುದ್ದೆ, ಅನ್ನ ಉಂಡು ಬೆಳೆದವಳಿಗೆ ಎರಡು ಹೊತ್ತೂ ಜೋಳದ ರೊಟ್ಟಿ. ಹೊಟ್ಟೆನೋವು ಬಂದರೂ ಯಾರಿಗೂ ಹೇಳಿರಲಿಲ್ಲ. ಆಮೇಲೆ ಅತ್ತೆ ಕೇಳದೆಯೇ ನನ್ನ ತಟ್ಟೆಗೆ ಅನ್ನ ಹೆಚ್ಚು ಬಡಿಸತೊಡಗಿದ್ದರು.

"ತಾಟಿನಾಗ ರೊಟ್ಟಿ ಮುರದು ಹಂಗ ಬಿಡ್ತಿದ್ದಿ. ನಾ ನೋಡತಿದ್ನಿ. ಅನ್ನಾ ಜಾಸ್ತಿ ಹಾಕು, ಸಾವಕಾಶ ರೂಢಿ ಆಗತಾಳ ಅಂತ ನಿಮ್ಮ ಅತ್ತಿಗೆ ನಾನಽ ಹೇಳಿದ್ನಿ."

"ನನಗೆ ಗೊತ್ತೇ ಇರಲಿಲ್ಲ ಮಾವ," ಅಂದೆ.

"ಮರಿಗೋಳಿಗೆ ಮಾತ್ರ ಆ ಬುದ್ಧಿ ಬರ್ಲಿಲ್ಲ ನೋಡು," ಎಂದು ಸಣ್ಣಗೆ ನಕ್ಕರು.

ದಿನದಿನಕ್ಕೆ ಹೊಸ ಕಾಳು ಹೆಚ್ಚಿಸಿದೆವು. ಮೊದಮೊದಲು ಆರಿಸಿ ತಿನ್ನುತ್ತಿದ್ದ ಮರಿಗಳು ಆಮೇಲೆ ಆರಿಸುವುದನ್ನೇ ಬಿಟ್ಟವು, ಭೇದಿಯೂ ನಿಂತಿತು. ಕಂದು ಮರಿಯನ್ನು ಬೇರೆ ಡಬ್ಬಿಯಲ್ಲಿಟ್ಟು, ಪುಡಿಯನ್ನು ನೀರಲ್ಲಿ ನೆನೆಸಿ ಬೆರಳ ತುದಿಯಿಂದ ತಿನ್ನಿಸುತ್ತಿದ್ದೆ. ಅದು ಉಳಿಯಲಿಲ್ಲ. ಮಾವ ನುಗ್ಗೆಯ ಬುಡದಲ್ಲಿ ಕುಣಿ ತೋಡಿ ಮಣ್ಣು ಮುಚ್ಚಿದರು. ತಮ್ಮ ಹಟವೇ ಅದನ್ನು ಕೊಂದಿತೆಂದು ಅಂದುಕೊಂಡಿದ್ದರು. ಅದು ಬಂದಾಗಿನಿಂದಲೂ ಬಡಕಲಾಗಿತ್ತು ಎಂದೆ. ಹೌದೋ ಅಲ್ಲವೋ, ಇಂದಿಗೂ ನನಗೆ ತಿಳಿಯದು.

ಅತ್ತೆ ಹುಬ್ಬಳ್ಳಿಯಿಂದ ಬರುವಷ್ಟರಲ್ಲಿ ಹುಂಜಗಳು ಕೂಗತೊಡಗಿದ್ದವು. ಪಕ್ಕದ ಮನೆಯವರು ಮುಖ ಸಿಂಡರಿಸಿದ್ದರಿಂದ ಅವನ್ನು ಶಿರೂರಿನ ತೋಟಕ್ಕೇ ಕಳಿಸಿ, ಹ್ಯಾಟೆಗಳನ್ನು ಇಟ್ಟುಕೊಂಡೆವು. ಮಾವ ಈಗ ಚಹಾ ಬೇಕೆಂದು ನನ್ನನ್ನೇ ಕೇಳುವುದನ್ನು ಕಂಡು ಅತ್ತೆ ನನ್ನ ಮುಖ ನೋಡಿದರು.

ಹ್ಯಾಟೆಗಳು ಮೊಟ್ಟೆಯಿಡುವ ಹೊತ್ತಿಗೆ ಮತ್ತೆ ಕಾಳು ಬದಲಿಸಬೇಕಾಯಿತು, ಮೊಟ್ಟೆಯ ಚಿಪ್ಪು ಗಟ್ಟಿಯಾಗಲು ಸುಣ್ಣದ ಅಂಶ ಹೆಚ್ಚಿರುವ ಕಾಳು. ನಾನು ಲ್ಯಾಪ್‌ಟಾಪಿನ ಮುಂದೆ ಆಫೀಸಿನ ಮೀಟಿಂಗಿನಲ್ಲಿದ್ದೆ. ಮಾವ ಕೈಯಲ್ಲಿ ಬುಟ್ಟಿ ಹಿಡಿದು ಕೋಣೆಯ ಬಾಗಿಲಿಗೆ ಬಂದು, "ಯವ್ವಾ, ಇವತ್ತ ಹೊಸಾದು ಎಷ್ಟು ಹಾಕೂಣು?" ಅಂದರು. ಬೆಂಗಳೂರಿನ ಸಹೋದ್ಯೋಗಿಯೊಬ್ಬಳು ಅದನ್ನು ಕೇಳಿಸಿಕೊಂಡು, ಏನಂತೆ ಎಂದಳು. ಈಗ ಬಂದೆ ಎಂದು ಹೇಳಿ ನಾನು ಹಿತ್ತಿಲಿಗೆ ಹೋದೆ.