ಪೆಟ್ಟಿಗೆಗೆ ವೀಸಾ ಇರಲಿಲ್ಲ

ಅದು 2023ನೇ ಇಸವಿ. ಹೊಸಪೇಟೆ ಬಸ್ ಸ್ಟ್ಯಾಂಡಿನ ಹತ್ತಿರದ ಓಣಿಯಲ್ಲಿ ನಾನು ಟ್ರಾವೆಲ್ ಏಜೆನ್ಸಿ ತೆರೆದು ಇಪ್ಪತ್ತೈದು ವರ್ಷ ದಾಟಿತ್ತು. ನಮ್ಮಪ್ಪ ಹಂಪಿಯ ಕಡೆ ಒಂದು ಗುಡಿಯ ಅರ್ಚಕರು. ಸಮುದ್ರ ದಾಟಿದರೆ ಮಡಿ ಕೆಡುತ್ತದೆ ಎನ್ನುವ ಮನೆಯಲ್ಲಿ ಹುಟ್ಟಿದ ನನಗೆ ಮಂದಿಯನ್ನು ಸಮುದ್ರ ದಾಟಿಸುವುದೇ ಹೊಟ್ಟೆಪಾಡಾಯಿತು. ತೋರಣಗಲ್ಲಿನ ಕಾರ್ಖಾನೆಯ ಎಂಜಿನಿಯರುಗಳು, ವೀಸಾ ಮುಗಿಯುವ ದಿನವನ್ನೇ ಮರೆತು ಹಂಪಿಯ ಬಂಡೆಗಳ ಮೇಲೆ ಕೂತುಬಿಟ್ಟ ವಿದೇಶಿಯರು, ಗಲ್ಫಿಗೆ ಹೊರಟ ಕಂಪ್ಲಿಯ ಎಲೆಕ್ಟ್ರಿಷಿಯನ್ನರು, ಹೀಗೆ ನಾನಾ ಬಗೆಯ ಗಿರಾಕಿಗಳು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಓಣಿಯವರು ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಆ ಕೋಪ ಒಮ್ಮೆ ಭಾಳ ಉಪಯೋಗಕ್ಕೆ ಬಂತು. ಆ ಪ್ರಸಂಗವನ್ನೇ ಈಗ ಬರೆಯುತ್ತಿದ್ದೇನೆ.

ಗುರುವಾರ ಮಧ್ಯಾಹ್ನ ಸಂಡೂರು ತಾಲ್ಲೂಕಿನ ಒಂದು ತಾಂಡಾದಿಂದ ಇಬ್ಬರು ಹೆಂಗಸರು ಅಂಗಡಿಗೆ ಬಂದರು. ಹಿರಿಯರು ಸೋಮಲಿಬಾಯಿ. ಲಂಬಾಣಿ ಕಸೂತಿಯಲ್ಲಿ ಎತ್ತಿದ ಕೈ. ಐವತ್ತೈದರ ಆಸುಪಾಸು, ಮೈತುಂಬ ಕನ್ನಡಿ ಹೊಲಿದ ಉಡುಪು, ನಡೆದರೆ ಕಿಣಿಕಿಣಿ ಸದ್ದು. ಜೊತೆಗಿದ್ದವಳು ಸೊಸೆ ಗೌರಿ, ಡಿಗ್ರಿ ಓದಿದವಳು, ಇಂಗ್ಲಿಷ್ ಬಲ್ಲವಳು. ಯುರೋಪಿನ ಒಂದು ಕರಕುಶಲ ಮೇಳಕ್ಕೆ ಇಬ್ಬರಿಗೂ ಕರೆ ಬಂದಿತ್ತು. ಶನಿವಾರ ಮಧ್ಯಾಹ್ನ ಬೆಂಗಳೂರಿನಿಂದ ವಿಮಾನ. ಹೋಗುವ ದೇಶದ ವೀಸಾ ಪಾಸ್‌ಪೋರ್ಟಿನಲ್ಲಿ ಚೊಕ್ಕವಾಗಿ ಅಂಟಿಕೊಂಡಿತ್ತು.

"ಪ್ರಿಂಟ್ ಒಂದ್ ಬೇಕಾಗಿತ್ರಿ ಪದ್ಮಕ್ಕಾರ. ಟಿಕೆಟ್ ಅವ್ರ ತಗದು ಕಳಿಸ್ಯಾರ," ಎಂದಳು ಗೌರಿ.

"ಬರ್ರಿ, ಕುಂದ್ರಿ," ಎಂದು ಮೊಬೈಲ್ ಇಸಿದುಕೊಂಡೆ. ಪ್ರಿಂಟ್ ಕೊಟ್ಟು ಕಳಿಸಬಹುದಿತ್ತು. ಹಾಳು ಅಭ್ಯಾಸ, ಟಿಕೆಟ್ ಕಂಡರೆ ಓದದೇ ಬಿಡುವವಳಲ್ಲ. ಬೆಂಗಳೂರಿನಿಂದ ಗಲ್ಫಿನ ಒಂದು ನಗರಕ್ಕೆ ಒಂದು ಕಂಪನಿಯ ವಿಮಾನ, ಅಲ್ಲಿ ನಾಲ್ಕು ತಾಸು ಕಾದು ಮುಂದಕ್ಕೆ ಇನ್ನೊಂದು ಕಂಪನಿಯದು. ಎರಡಕ್ಕೂ ಬೇರೆ ಬೇರೆ ಪಿಎನ್‌ಆರ್. ಅಂದರೆ ಇದು ಒಂದು ಪ್ರಯಾಣವಲ್ಲ, ಅಕ್ಕಪಕ್ಕ ಇಟ್ಟ ಎರಡು ಪ್ರಯಾಣ. ಮೇಳದವರು ಅಗ್ಗ ನೋಡಿ ಕೊಂಡಿದ್ದರು.

"ಗೌರಿ, ಪೆಟ್ಟಿಗಿ ಎಷ್ಟದಾವ?"

"ದೊಡ್ಡವು ಎರಡ್ರಿ. ತಾಂಡಾದವ್ರು ಹೊಲ್ದ ಕಸೂತಿ ಅರಿವಿ ಎಲ್ಲಾ ಅದರಾಗ ಐತ್ರಿ."

ನಾನು ಟಿಕೆಟನ್ನು ಇನ್ನೊಮ್ಮೆ ಓದಿದೆ. ಒಂದೇ ಪಿಎನ್‌ಆರ್ ಇದ್ದರೆ ಪೆಟ್ಟಿಗೆ ತಾನಾಗಿಯೇ ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗುತ್ತದೆ. ಎರಡಿದ್ದರೆ ಅದು ಮೊದಲ ನಿಲ್ದಾಣದಲ್ಲೇ ಇಳಿಯುತ್ತದೆ. ಪೆಟ್ಟಿಗೆಯ ಒಡೆಯರು ಇಮಿಗ್ರೇಷನ್ ದಾಟಿ ಹೊರಗೆ ಹೋಗಿ ಅದನ್ನು ಎತ್ತಿಕೊಂಡು ಮತ್ತೆ ಒಳಗೆ ಬರಬೇಕು. ಹೊರಗೆ ಕಾಲಿಡಲು ಆ ದೇಶದ ವೀಸಾ ಬೇಕು. ಅದಿಲ್ಲದಿದ್ದರೆ ಬೆಂಗಳೂರಿನಲ್ಲೇ ತಡೆಯುತ್ತಾರೆ. ಕಾಗದವಿಲ್ಲದವರನ್ನು ಹತ್ತಿಸಿಕೊಂಡರೆ ದಂಡ ತೆರಬೇಕಾದದ್ದೂ, ವಾಪಸ್ ಕರೆತರಬೇಕಾದದ್ದೂ ವಿಮಾನ ಕಂಪನಿಯೇ.

ಸೋಮಲಿಬಾಯಿಗೆ ನಮ್ಮೂರ ಲೆಕ್ಕದಲ್ಲಿ ತಿಳಿಸಿದೆ. "ಸಂಡೂರಿಂದ ಕಂಪ್ಲಿಗೆ ಹೋಗವ್ರು ಹೊಸಪೇಟಿ ಸ್ಟ್ಯಾಂಡಿನಾಗ ಬಸ್ ಬದಲಿ ಮಾಡ್ತೀರಲ್ಲ, ಊರಾಗ ಹೋಗೂದು ಬ್ಯಾಡ. ಆದ್ರ ಕಂಡಕ್ಟರ್ ನಿಮ್ಮ ಗಂಟು ಒಯ್ದು ಗೇಟಿನ ಹೊರಗ ಇಟ್ರ? ಗೇಟ್ ದಾಟಬೇಕಲ್ಲ? ಆ ಗೇಟಿಗೆ ಚೀಟಿ ಬೇಕ್ರಿ. ನಿಮ್ಮ ಕಡಿ ಇಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಗಿತ್ತು. ಪೂಜಾರಿಯ ಮಗಳಾದ ನಾನೇ ಈ ಗಾದೆ ಹೇಳಬೇಕಾಗಿ ಬಂದದ್ದು ಬೇರೆ ಮಾತು.

ಆ ದೇಶದ ಟ್ರಾನ್ಸಿಟ್ ವೀಸಾಕ್ಕೆ ಅರ್ಜಿ ಹಾಕಲು ವಿಚಾರಿಸಿದೆ. ಶುಕ್ರವಾರ, ಶನಿವಾರ ಅಲ್ಲಿನ ಕಚೇರಿಗೆ ರಜೆ. ಕೊರಿಯರ್‌ನವರು ಪೆಟ್ಟಿಗೆಗಳನ್ನು ಮೇಳ ಮುಗಿಯುವ ಹೊತ್ತಿಗೆ ಮುಟ್ಟಿಸುತ್ತೇವೆ ಎಂದರು. ಕಡೇ ಗಳಿಗೆಯಲ್ಲಿ ಹೊಸ ಟಿಕೆಟ್ ಕೊಳ್ಳಲು ಮೇಳದವರು ತಯಾರಿರಲಿಲ್ಲ. ಮೊದಲ ವಿಮಾನದ ಕಂಪನಿಗೆ ಫೋನು ಹಚ್ಚಿದರೆ ಒಬ್ಬ ಹುಡುಗಿ ಪಾಠ ಒಪ್ಪಿಸಿದಂತೆ, "ಟ್ರಾನ್ಸಿಟ್ ವೀಸಾ ಇಲ್ಲದೆ ಆಗುವುದಿಲ್ಲ ಮೇಡಂ," ಎಂದಳು. ಮೂರು ಸಲ ಅದೇ ಮಾತು. ನನ್ನ ತಾಳ್ಮೆ ತಪ್ಪಿತು.

"ಆಗುವುದಿಲ್ಲ ಎನ್ನುವುದು ಕಿವಿಗೆ ಬಿತ್ತಮ್ಮ. ಯಾಕೆ ಆಗುವುದಿಲ್ಲ, ಅದನ್ನು ಹೇಳು."

"ಲಗೇಜ್ ಕಲೆಕ್ಟ್ ಮಾಡಲು ಹೊರಗೆ ಹೋಗಬೇಕಲ್ಲ ಮೇಡಂ."

"ಲಗೇಜೇ ಇಲ್ಲದಿದ್ದರೆ?"

ಆಕೆ ಯಾರನ್ನೋ ಕೇಳಿ ಬಂದು ಹೇಳಿದಳು: ಬೆಲ್ಟಿಗೆ ಹಾಕುವ ಲಗೇಜ್ ಇಲ್ಲದಿದ್ದರೆ, ಎರಡನೇ ವಿಮಾನದ ಬೋರ್ಡಿಂಗ್ ಪಾಸ್ ಕೈಯಲ್ಲಿದ್ದರೆ, ಅದೇ ಕಟ್ಟಡದ ಒಳಗೇ ಕಾಯುವುದಾದರೆ, ವೀಸಾ ಬೇಕಿಲ್ಲ. ನನ್ನ ಮೈಯಲ್ಲಿ ಉತ್ಸಾಹ ಉಕ್ಕಿತು. ಇವರಿಗೆ ದಾರಿ ಇತ್ತು. ದಾರಿ ಇಲ್ಲದಿದ್ದದ್ದು ಪೆಟ್ಟಿಗೆಗೆ.

ಆದರೆ ಸೋಮಲಿಬಾಯಿ ಖುಷಿಪಡಲಿಲ್ಲ. "ಕೈಯಾಗ ಎಷ್ಟ್ ಒಯ್ಯಾಕ ಬಿಡ್ತಾರ್ರಿ?"

"ತಲಿಗೆ ಏಳು ಕಿಲೋ."

"ಅರಿವಿ ಮೂವತ್ತು ಕಿಲೋದ ಮ್ಯಾಲೈತ್ರಿ ಅಕ್ಕಾರ. ಅದನ್ನ ಬಿಟ್ಟು ನಾವು ಹೋಗಿ ಏನ್ ಮಾಡೂದೈತಿ? ನಮ್ಮ ಮಕಾ ನೋಡಾಕ ಕರದಾರೇನು? ಹೆಣ್ಮಕ್ಳು ಒಂದ್ ವರ್ಷ ಕಣ್ಣು ನೆಟ್ಟು ಹೊಲ್ದಾರ. ಇಲ್ಲೀತನಕ ಯಾರ್ಯಾರೋ ನಮ್ಮ ಕೆಲಸಾ ಒಯ್ದು ತಮ್ಮ ಹೆಸರ್ಲೆ ತೋರಿಸ್ಯಾರ. ಈ ಸಲ ನಮ್ಮ ಹೆಸರ್ಲೆ ಹೊಂಟಿತ್ತು." ಆಕೆಯ ಕಣ್ಣು ತುಂಬಿತ್ತು. ಅವರನ್ನು ಹಾಗೇ ವಾಪಸ್ ಕಳಿಸಿದರೆ ಇಪ್ಪತ್ತೈದು ವರ್ಷದ ನನ್ನ ಅಂಗಡಿಗೆ ಏನರ್ಥ ಎನ್ನಿಸಿತು.

ಚಹಾ ತರಿಸಿದೆ. ಲೋಟ ಎತ್ತಿಕೊಳ್ಳಲು ಸೋಮಲಿಬಾಯಿ ಕೈ ಚಾಚಿದಾಗ ತೋಳಿನ ಬಳೆ, ಸೆರಗಿನ ಕನ್ನಡಿ, ನಾಣ್ಯ ಎಲ್ಲ ಒಟ್ಟಿಗೆ ಸದ್ದು ಮಾಡಿದವು. "ಇಷ್ಟೆಲ್ಲ ಹೊತ್ತು ಹೆಂಗ ಓಡಾಡ್ತೀರವ್ವ?" ಎಂದೆ, ಸುಮ್ಮನೆ ಮಾತಿಗೆ.

"ಹುಟ್ಟಿದಾಗಿಂದ ಹೊತ್ತೀವ್ರಿ," ಎಂದು ಅಳುವಿನ ನಡುವೆಯೇ ನಕ್ಕರು. "ಯಾಕ್ರಿ, ಮೈಮ್ಯಾಲ ಹಾಕ್ಕೊಂಡಿದ್ದನ್ನೂ ತೂಗ್ತಾರೇನು?"

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ತೂಗುವುದಿಲ್ಲ! ಉಟ್ಟದ್ದನ್ನು, ಹೊದ್ದ ಶಾಲನ್ನು, ತೊಟ್ಟ ಕೋಟನ್ನು ಯಾವ ಕೌಂಟರಿನವರೂ ತೂಗುವುದಿಲ್ಲ. ಚಳಿ ದೇಶಕ್ಕೆ ಹೊರಟವರು ಕೋಟಿನ ಮೇಲೆ ಕೋಟು ಹಾಕಿಕೊಂಡು ಹೋಗುವುದನ್ನು ನಾನೇ ಎಷ್ಟು ಸಲ ನೋಡಿಲ್ಲ!

ಮುಂದಿನದೆಲ್ಲ ಹಬ್ಬದ ಗಡಿಬಿಡಿ. ನಾನು ಮೂರು ಷರತ್ತು ಹಾಕಿದೆ. ಸೆಕ್ಯುರಿಟಿಯಲ್ಲಿ ಬಿಚ್ಚಿ ಟ್ರೇಗೆ ಇಡಲು ಬರುವಂತಿರಬೇಕು. ಲೋಹದ ಒಡವೆ ಕೈಚೀಲದಲ್ಲಿ. ಕತ್ತರಿ, ಸೂಜಿ ಊರಲ್ಲೇ. ಸೂಜಿ ಬಿಟ್ಟು ಹೋಗುವುದು ಸೋಮಲಿಬಾಯಿಗೆ ಸಂಕಟವಾಯಿತು. ಅಲ್ಲಿ ಹೊಸದು ಕೊಡಿಸಲು ಮೇಳದವರಿಗೆ ಗೌರಿ ಬರೆದಳು. ಶುಕ್ರವಾರ ತಾಂಡಾದ ಹೆಂಗಸರೆಲ್ಲ ಒಂದೆಡೆ ಕೂತು ಗೋಡೆಗೆ ತೂಗುಹಾಕುವ ಕಸೂತಿಗಳನ್ನು ಅಗಲ ಹೊಲಿಗೆಯಲ್ಲಿ ಜೋಡಿಸಿ, ದಾರ ಎಳೆದರೆ ಬಿಚ್ಚಿಕೊಳ್ಳುವ ಉದ್ದನೆಯ ನಿಲುವಂಗಿಗಳನ್ನು ಮಾಡಿದರು. ದಿಂಬಿನ ಕವರುಗಳು ಅವುಗಳ ಒಳಪದರವಾದವು. ಮೇಲೆ ಶಾಲುಗಳು. ಉಳಿದ ಸಣ್ಣಪುಟ್ಟದ್ದು ಏಳೇಳು ಕಿಲೋದ ಎರಡು ಕೈಚೀಲಕ್ಕೆ.

ಇತ್ತ ನಾನು ಕಂಪನಿಯ ಬೆನ್ನು ಬಿಡಲಿಲ್ಲ. ಈ ಕಸುಬಿನಲ್ಲಿ ಬಾಯಿಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಚೆಕ್-ಇನ್ ಲಗೇಜ್ ಇಲ್ಲದ ಈ ಇಬ್ಬರಿಗೆ ಟ್ರಾನ್ಸಿಟ್ ವೀಸಾ ಬೇಡ ಎಂದು ಇಮೇಲ್‌ನಲ್ಲಿ ಬರೆಸಿಕೊಂಡೇ ಊಟಕ್ಕೆ ಎದ್ದೆ. ಎರಡನೇ ವಿಮಾನದ ವೆಬ್ ಚೆಕ್-ಇನ್ ಮಾಡಿ ಬೋರ್ಡಿಂಗ್ ಪಾಸ್ ಅಚ್ಚು ಹಾಕಿದೆ. ಮನಸ್ಸು ತಡೆಯದೆ ಅವರ ಜೊತೆ ಬೆಂಗಳೂರಿಗೂ ಹೊರಟೆ.

ಟಿಕೆಟ್ ಇಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ನಾನು ಗಾಜಿನ ಈಚೆ ನಿಂತು ಫೋನ್ ಕಿವಿಗೊತ್ತಿಕೊಂಡಿದ್ದೆ, ಗೌರಿ ತನ್ನ ಫೋನನ್ನು ಸ್ಪೀಕರಿಗೆ ಹಾಕಿದ್ದಳು. ಕೌಂಟರಿನ ಹುಡುಗ ಮೊದಲು ಕೇಳಿದ್ದೇ ಟ್ರಾನ್ಸಿಟ್ ವೀಸಾ. ಗೌರಿ ಇಮೇಲಿನ ಪ್ರಿಂಟ್ ತೋರಿಸಿದಳು. ಆತ ಓದಿದ, ಒಳಗೆ ಹೋಗಿ ಯಾರಿಗೋ ತೋರಿಸಿ ಬಂದ.

"ಬೆಲ್ಟಿಗೆ ಹಾಕುವ ಲಗೇಜ್?"

"ಇಲ್ಲ ಸರ್," ಎಂದಳು ಗೌರಿ.

ಕೈಚೀಲ ತೂಗಿದ. ಸರಿಯಾಗಿತ್ತು. ಆಮೇಲೆ ತಲೆಯಿಂದ ಕಾಲಿನವರೆಗೆ ಥಳಥಳ ಹೊಳೆಯುತ್ತ ನಿಂತಿದ್ದ ಸೋಮಲಿಬಾಯಿಯನ್ನು ಸುಮ್ಮನೆ ನೋಡಿದನಂತೆ. ಆಕೆಯ ದನಿ ನನಗೆ ಸ್ಪಷ್ಟವಾಗಿ ಕೇಳಿತು: "ಯಾಕಪ್ಪಾ, ನಾನೂ ತಕ್ಕಡಿ ಮ್ಯಾಲ ನಿಂದರಬೇಕೇನು?"

ಹುಡುಗ ಜೋರಾಗಿ ನಕ್ಕ. "ಬ್ಯಾಡಮ್ಮ, ಹೋಗಿ ಬರ್ರಿ," ಎಂದ. ನಮ್ಮ ಕಡೆಯವನೇ! ಗಾಜಿನ ಈಚೆ ನಾನು ಚಪ್ಪಾಳೆ ತಟ್ಟಿದ್ದು ನೋಡಿ ಟ್ಯಾಕ್ಸಿಯವರು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಮಾರನೇ ದಿನ ಮೇಳದಿಂದ ಗೌರಿಯ ವಿಡಿಯೋ ಕರೆ ಬಂತು. ಪೆಟ್ಟಿಗೆ ಇಲ್ಲದೆ ಬಂದವರನ್ನು ಕಂಡು ಮೇಳದವರು ಮೊದಲು ಗಾಬರಿಯಾದರಂತೆ. ಸೋಮಲಿಬಾಯಿ ಬರೀ ಗೋಡೆಯ ಮಳಿಗೆಯಲ್ಲಿ ನಿಂತು ದಾರ ಎಳೆದು ಒಂದೊಂದೇ ಕಸೂತಿ ಬಿಚ್ಚಿ ತೂಗುಹಾಕತೊಡಗಿದರು. ಅಕ್ಕಪಕ್ಕದ ಮಳಿಗೆಯವರೆಲ್ಲ ಕೆಲಸ ಬಿಟ್ಟು ಬಂದು ಸುತ್ತ ನಿಂತರು. ಕೊನೆಯದು ಗೋಡೆಗೆ ಏರಿದಾಗ ತಾಂಡಾದ ಹೆಸರಿನ ಫಲಕದ ಕೆಳಗೆ ಆಕೆ ತಮ್ಮ ನಿತ್ಯದ ಉಡುಪಿನಲ್ಲಿ ನಿಂತಿದ್ದರು, ಅಪ್ಪಟ ರಾಣಿಯ ಗತ್ತಿನಲ್ಲಿ. ಮೇಳ ಮುಗಿಯುವುದರೊಳಗೆ ಅಷ್ಟೂ ಮಾರಾಟವಾಯಿತು. ಬರುವಾಗ ಇಬ್ಬರೂ ಕೈಬೀಸಿಕೊಂಡು ಬಂದರು. ಯಾವ ಕೌಂಟರಿನಲ್ಲೂ ಯಾರೂ ಅಡ್ಡ ಬರಲಿಲ್ಲ.

ನನ್ನ ಕಸುಬು ಕಲಿಸಿದ್ದು ಇಷ್ಟೇ: ಆಗುವುದಿಲ್ಲ ಎಂದವರನ್ನು ಯಾಕೆ ಎಂದು ಕೇಳಬೇಕು, ಉತ್ತರ ಬರುವತನಕ ಕೇಳಬೇಕು. ನಿಯಮ ಮುರಿಯಲು ನಾನು ಯಾರಿಗೂ ಹೇಳಿದವಳಲ್ಲ. ಆದರೆ ಅದು ತಡೆಯುತ್ತಿರುವುದು ಯಾರನ್ನು, ಯಾವುದನ್ನು ಎಂದು ತಿಳಿದುಕೊಳ್ಳದೆ ಗಿರಾಕಿಯನ್ನು ವಾಪಸ್ ಕಳಿಸಿದವಳೂ ಅಲ್ಲ.

ಮುಂದಿನ ವರ್ಷ ಮತ್ತೆ ಕರೆ ಬಂತು. ಈ ಸಲ ಗೌರಿ ಮೇಳದವರಿಗೆ ಮೊದಲೇ ತಾಕೀತು ಮಾಡಿದ್ದರಿಂದ ಒಂದೇ ಪಿಎನ್‌ಆರ್, ಒಬ್ಬೊಬ್ಬರಿಗೆ ಎರಡೆರಡು ಪೆಟ್ಟಿಗೆ. ಆರಾಮಾಗಿ ಹೋಗಿ ಬರ್ರಿ ಎಂದು ಟಿಕೆಟ್ ಕೊಟ್ಟೆ. ಸೋಮಲಿಬಾಯಿ ಅದನ್ನು ಸೊಸೆಯ ಕೈಗಿತ್ತು ತಲೆಯಾಡಿಸಿದರು.

"ಪೆಟ್ಟಿಗಿ ಬ್ಯಾಡ್ರಿ ಅಕ್ಕಾರ. ಹ್ವಾದ ಸಲ ಆ ಗಲ್ಫಿನಾಗ ನಾಕ್ ತಾಸು ಕುಂತಲ್ಲೇ ಎಷ್ಟ್ ಮಂದಿ ಬಂದು ಮುಟ್ಟಿ ನೋಡಿ ಯಾವೂರು, ಯಾರು ಹೊಲ್ದಿದ್ದು ಅಂತ ಕೇಳಿದ್ರು ಗೊತ್ತೈತೇನ್ರಿ? ಪೆಟ್ಟಿಗ್ಯಾಗ ಹಾಕಿದ್ರ ದಾರ್ಯಾಗ ಯಾರು ನೋಡ್ತಾರ?"