ನೈವಾಶಾಗೆ ಕೊಟ್ಟ ಬಾಗಿನ

ಹೋದ ಭಾನುವಾರ ದೋಣಿ ಹತ್ತುವ ಮೊದಲು ಯಾರೋ ಹೊಸ ದೋಣಿಯವರು ನನಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿ ಬಕಲ್ ಬಿಗಿದರು. ಪೆಟ್ರೋಲು, ಮೀನು, ಸರಿಯಾಗಿ ಒಣಗದ ಸ್ಪಂಜು, ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ಆ ಮರದ ಕಟ್ಟೆಯ ಮೇಲೆ ನಿಂತೇಬಿಟ್ಟಿತು. ಊರಿನಿಂದ ಬಂದಿದ್ದ ನಾದಿನಿ ಹಿಂದಿನಿಂದ, ಏನಾಯ್ತು ಅತ್ತಿಗೆ, ತಲೆ ಸುತ್ತುತ್ತಾ ಅಂದಳು. ಏನಿಲ್ಲ ನಡಿ ಅಂದೆ. ಈ ವಾಸನೆಯ ಜೊತೆ ನನಗೆ ಒಬ್ಬರ ಮುಖ ನೆನಪಾಗುತ್ತೆ ಅಂತ ಫೋಟೋ ತೆಗೆಯುವ ಉತ್ಸಾಹದಲ್ಲಿರುವವಳಿಗೆ ಹೇಗೆ ಹೇಳೋದು...

ನೈರೋಬಿಯಲ್ಲಿರುವ ನಮ್ಮಂಥ ಕನ್ನಡದವರ ಮನೆಗೆ ಊರಿನಿಂದ ಯಾರೇ ಬರಲಿ, ನೈವಾಶಾ ಕೆರೆಗೆ ಕರೆದುಕೊಂಡು ಹೋಗಲೇಬೇಕು. ಅದೊಂಥರಾ ಹರಕೆ. ಬೆಳಗಾಗೆದ್ದು ಪುಳಿಯೋಗರೆ ಕಲಸಿ ಡಬ್ಬಿ ತುಂಬೋದು, ಎರಡು ಗಂಟೆ ಕಾರಲ್ಲಿ ಕೂರೋದು, ಘಾಟಿ ಇಳಿಯುವಾಗ ಲಾರಿಗಳ ಹಿಂದೆ ಸಿಕ್ಕಿಕೊಂಡ ಯಜಮಾನರ ಗೊಣಗಾಟ ಕೇಳೋದು, ಸಂಜೆ ನಾಲ್ಕೂವರೆಗೆ ದೋಣಿ ಹತ್ತೋದು. ಹಿಪ್ಪೋ, ಪೆಲಿಕನ್, ದಡದಲ್ಲಿ ಜಿರಾಫೆ, ಕೊನೆಗೆ ಸೂರ್ಯಾಸ್ತ. ಯಜಮಾನರ ಆಫೀಸು ಅಪ್ಪರ್ ಹಿಲ್‌ನಲ್ಲಿ, ಟೆಲಿಕಾಂ ಕೆಲಸ. ಎರಡು ವರ್ಷಕ್ಕೆ ಅಂತ ಬಂದವರು ಹನ್ನೊಂದು ವರ್ಷದಿಂದ ಇಲ್ಲೇ ಇದ್ದೇವೆ. ಈ ಹನ್ನೊಂದು ವರ್ಷದಲ್ಲಿ ಆ ಸೂರ್ಯಾಸ್ತವನ್ನ ನಾನು ಹದಿನಾಲ್ಕು ಸಲ ನೋಡಿದ್ದೇನೆ. ಐದಾರು ಸಲ ಆದಮೇಲೆ ಸೂರ್ಯನನ್ನ ನೋಡೋದು ಬಿಟ್ಟು ದೋಣಿ ನಡೆಸುವವರ ಜೊತೆ ಮಾತಿಗೆ ಕೂರುತ್ತಿದ್ದೆ.

ದೋಣಿ ನಡೆಸುವವರು ಯಾವಾಗಲೂ ಅದೇ ಒಬ್ಬರು. ಬೇರೆ ದೋಣಿ ಖಾಲಿ ಇದ್ದರೂ ನಾನು ಅವರಿಗೇ ಕಾಯುತ್ತಿದ್ದೆ. ಐವತ್ತರ ಆಸುಪಾಸು, ಕಡ್ಡಿ ದೇಹ, ತಲೆಗೆ ಬಿಸಿಲಿಗೂ ಮಳೆಗೂ ಒಂದೇ ಉಣ್ಣೆ ಟೋಪಿ. ಎಲ್ಲರಿಗೂ ಜಾಕೆಟ್ ಬಿಗಿದು, ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡುವ ಮನುಷ್ಯ ತಾವು ಮಾತ್ರ ಒಂದು ದಿನವೂ ಹಾಕಿಕೊಂಡವರಲ್ಲ. ಕೇಳಿದರೆ, ಕೆರೆಗೆ ನಾನು ಗೊತ್ತು ಮಾಮಾ, ಅಂತ ತಮ್ಮ ಹರಕು ಇಂಗ್ಲಿಷಿನಲ್ಲಿ ಅನ್ನುತ್ತಿದ್ದರು. ಇಲ್ಲಿ ಮದುವೆಯಾದ ಹೆಂಗಸರನ್ನೆಲ್ಲ ಮಾಮಾ ಅಂತಲೇ ಕರೆಯೋದು. ನಾನು ಕರೆತಂದ ನೆಂಟರಿಂದಲೇ ಅವರು ಬನ್ನಿ, ಕೂತ್ಕೊಳ್ಳಿ, ಅಲ್ಲಿ ನೋಡಿ ಅನ್ನೋದನ್ನ ಕಲಿತಿದ್ದರು. ನಮ್ಮ ಚಿಕ್ಕಪ್ಪನಿಗೆ ಹಿಪ್ಪೋ ತೋರಿಸುತ್ತಾ "ಕೂತ್ಕೊಳ್ಳಿ" ಅಂದದ್ದು ಕೇಳಿ ದೋಣಿಯೇ ಅಲುಗಾಡುವಷ್ಟು ನಕ್ಕಿದ್ದೆವು.

ಮೂರು ವರ್ಷದ ಹಿಂದೆ ನಮ್ಮತ್ತೆ ಮೈಸೂರಿನಿಂದ ಬಂದರು. ಅವರಿಗೆ ದೋಣಿಯವರನ್ನ ಕಂಡರೆ ಮೊದಲ ದಿನವೇ ಅಕ್ಕರೆ. ಇಲ್ಲಿಯ ದೋಣಿಯವರು ನೀರಿಗೆ ಮೀನು ಎಸೆದು ಸಿಳ್ಳೆ ಹಾಕುತ್ತಾರೆ, ಹದ್ದು ಬಂದು ಅದನ್ನ ಎತ್ತಿಕೊಂಡು ಹೋಗುತ್ತೆ, ಪ್ರವಾಸಿಗರು ಫೋಟೋ ತೆಗೆಯುತ್ತಾರೆ. ಮೀನು ನೋಡಿದ್ದೇ ನಮ್ಮತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಮ್ಮ ದೋಣಿಯವರು ಏನೂ ಕೇಳದೆ ಮೀನನ್ನ ವಾಪಸ್ ಡಬ್ಬಕ್ಕೆ ಹಾಕಿ, ಶೋಶೋ ಬೇಡ ಅಂದಮೇಲೆ ಹದ್ದಿಗೆ ಇವತ್ತು ಉಪವಾಸ ಅಂದರು. ಶೋಶೋ ಅಂದರೆ ಅಜ್ಜಿ. ಅವತ್ತಿನಿಂದ ಅತ್ತೆಯ ಬಾಯಲ್ಲಿ ಅವರು ದೋಣಿಯಣ್ಣ ಆದರು, ನನ್ನ ಬಾಯಲ್ಲೂ ಅದೇ ನಿಂತಿತು.

ಆ ವರ್ಷ ಕೆರೆ ಉಕ್ಕಿತ್ತು. ದಡದ ಹಳದಿ ಜಾಲಿಮರಗಳು ಸೊಂಟದವರೆಗೂ ನೀರಲ್ಲಿ ನಿಂತಿದ್ದವು. ನಾವು ವರ್ಷವೂ ಊಟಕ್ಕೆ ಕೂರುತ್ತಿದ್ದ ಹುಲ್ಲಿನ ಜಾಗದ ಮೇಲೆ ದೋಣಿ ಹೋಗುತ್ತಿತ್ತು. ಎಷ್ಟು ಚೆನ್ನಾಗಿದೆ ಅಂತ ನಾನು ಸುತ್ತ ಫೋಟೋ ತೆಗೆದೆ. ಅತ್ತೆಯ ಕಣ್ಣಲ್ಲಿ ನೀರೇ ಬಂತು. ಅವರು ಕನ್ನಂಬಾಡಿ ಕಟ್ಟೆಯ ನೀರು ಕುಡಿದು ಬೆಳೆದವರು. ಕಟ್ಟೆ ತುಂಬಿದ ವರ್ಷ ಊರಿಗೇ ಹಬ್ಬ, ತುಂಬದಿದ್ದ ವರ್ಷ ನಲ್ಲಿ ಮುಂದೆ ಬಿಂದಿಗೆ ಸಾಲು. ತುಂಬಿದ ತಾಯಿಗೆ ಬಾಗಿನ ಕೊಡದೆ ಬರೀ ಕೈಯಲ್ಲಿ ಬಂದೆವಲ್ಲ ಅಂತ ಮನೆಗೆ ಬರುವವರೆಗೂ ಪೇಚಾಡಿದರು. ಬರುವ ಭಾನುವಾರ ಕೊಟ್ಟರಾಯ್ತು ಬಿಡಿ ಅತ್ತೆ ಅಂದವಳು ನಾನೇ.

ಆ ವಾರವೆಲ್ಲ ಅದೇ ಸಂಭ್ರಮ. ಮೊರಕ್ಕಾಗಿ ಮಾರ್ಕೆಟ್ ಅಲೆದೆವು. ಇಲ್ಲಿಯ ಹೆಂಗಸರು ಕಾಳು ಕೇರುವ ತಟ್ಟೆ ದುಂಡಗಿರುತ್ತೆ, ಇದೆಂಥಾ ಮೊರ ಅಂತ ಅತ್ತೆ ಮೂಗು ಮುರಿದರೂ ಎರಡು ತೆಗೆದುಕೊಂಡು ಅರಿಶಿನ ಬಳಿದು ಒಣಗಿಸಿದರು. ಅಕ್ಕಿ, ಬೇಳೆ, ಬೆಲ್ಲ, ರವಿಕೆ ಕಣ, ಹಸಿರು ಬಳೆ, ಪುಟ್ಟ ಕನ್ನಡಿ, ಬಾಚಣಿಗೆ, ಅರಿಶಿನ ಕುಂಕುಮ, ಮೇಲೊಂದು ತೆಂಗಿನಕಾಯಿ. ನೀರಿಗೆ ಪ್ಲಾಸ್ಟಿಕ್ ಹೋಗಬಾರದು ಅಂತ ಮಗಳು ಜಗಳ ಮಾಡಿ ಬಾಚಣಿಗೆಯನ್ನ ಮರದ್ದಕ್ಕೆ ಬದಲಾಯಿಸಿದಳು. ನಾವು ಮೂರೂ ತಲೆಮಾರಿನ ಹೆಂಗಸರು ಎಲ್ಲವನ್ನೂ ಯೋಚಿಸಿದ್ದೆವು. ಒಂದನ್ನು ಬಿಟ್ಟು.

ದೋಣಿಯಣ್ಣನಿಗೆ ಪೂಜೆಯ ವಿಷಯ ಹೇಳಿದೆ. ಹಿಪ್ಪೋ ಇಲ್ಲದ, ಅಲೆಯಿಲ್ಲದ, ಅಜ್ಜಿ ಬಗ್ಗಿ ನೀರು ಮುಟ್ಟಬಹುದಾದ ಜಾಗ ಬೇಕು ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಮರಗಳ ನಡುವೆ ತೂರಿಸಿಕೊಂಡು ಒಂದು ಮೂಲೆಗೆ ಕರೆದುಕೊಂಡು ಹೋಗಿ ಎಂಜಿನ್ ಆರಿಸಿದರು. ಕೆಳಗೆ ಗೋಡೆಯಿದೆ, ಹಿಪ್ಪೋ ಇಲ್ಲಿಗೆ ಬರಲ್ಲ ಅಂದರು. ನೀರಿನಿಂದ ಒಂದು ಟಿವಿ ಆಂಟೆನಾದ ಕಂಬ ಮೇಲೆದ್ದಿತ್ತು, ಅದರ ತುದಿಯಲ್ಲಿ ಮಿಂಚುಳ್ಳಿ ಕೂತಿತ್ತು. ಆ ಮಿಂಚುಳ್ಳಿಯ ಫೋಟೋ ಹಿಂದಿನ ವಾರವೇ ತೆಗೆದು ಊರಿನ ಗುಂಪಿಗೆಲ್ಲ ಕಳಿಸಿದ್ದೆ.

ಸೂರ್ಯ ಬೆಟ್ಟದ ಹಿಂದೆ ಇಳಿಯುತ್ತಿದ್ದ. ಅತ್ತೆ ಮೊರದ ಮೇಲೆ ಮೊರ ಮುಚ್ಚಿ, ಸೆರಗು ಹೊದಿಸಿ, ಮೂರು ಸಲ ಎತ್ತಿ ತೋರಿಸಿ ನೀರಿಗೆ ಬಿಟ್ಟರು. ಗಟ್ಟಿಯಾಗಿ, ಸ್ವಂತ ಮಾತಿನಲ್ಲಿ ಬೇಡಿಕೊಂಡರು. ದೋಣಿಯಣ್ಣ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಶೋಶೋ ಏನು ಕೇಳಿದರು ಅಂತ ನನ್ನನ್ನ ವಿಚಾರಿಸಿದರು. ನಾನು ದೊಡ್ಡ ಪಂಡಿತೆಯ ಹಾಗೆ ಬಿಡಿಸಿ ಹೇಳಿದೆ: ನೀನು ತುಂಬಿದ್ದೀಯ, ನಮಗೆ ಸಂತೋಷವಾಗಿದೆ, ಪ್ರತಿ ವರ್ಷ ಹೀಗೇ ತುಂಬಿ ಬಾ ತಾಯಿ, ಅಂತ.

ಅವರು ತಲೆಯಾಡಿಸಿದರು. ಟೋಪಿ ಮತ್ತೆ ಹಾಕಿಕೊಳ್ಳಲಿಲ್ಲ. ಕಂಬದ ಕಡೆ ಗದ್ದ ಎತ್ತಿ ತೋರಿಸಿದರು.

"ಮಾಮಾ, ಆ ಆಂಟೆನಾ ನನ್ನದು."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರೇ ನಿಧಾನವಾಗಿ ಹೇಳಿದರು. ಮೊದಲು ಪಾಯಿಖಾನೆಗೆ ನೀರು ಬಂತಂತೆ, ಆಮೇಲೆ ಅಡುಗೆಮನೆಗೆ. ಇಳಿಯುತ್ತೆ ಇಳಿಯುತ್ತೆ ಅಂತ ಮಂಚದ ಕಾಲಿಗೆ ಕಲ್ಲು ಕೊಟ್ಟು ಎತ್ತರಿಸಿಕೊಂಡು ಇದ್ದರಂತೆ. ಕಲ್ಲಿನ ಮೇಲೆ ಕಲ್ಲು ಇಟ್ಟೂ ಇಟ್ಟೂ ತಲೆ ಸೂರಿಗೆ ತಾಗುವಷ್ಟಾದಾಗ ಹೊರಟರಂತೆ. ಒಂದೊಂದೇ ತಗಡು ತಂದು ಎಂಟು ವರ್ಷ ಕಟ್ಟಿದ ಮನೆ. ಈಗ ಹೆಂಡತಿಯ ಜೊತೆ ರಸ್ತೆಯ ಪಕ್ಕ ಒಂದು ಕೋಣೆಯಲ್ಲಿ ಇದ್ದಾರಂತೆ. ನಾವು ಕೂತಿದ್ದ ದೋಣಿ ಅವರ ಹಜಾರದ ಮೇಲೆ ನಿಂತಿತ್ತು. ಇಷ್ಟು ಸಲ ಬಂದಿದ್ದೇನೆ, ಮನೆ ಎಲ್ಲಿ ಅಂತ ಒಂದು ದಿನ ಕೇಳಿದವಳಲ್ಲ ನಾನು. ಕೆರೆಯ ಹಕ್ಕಿಗಳ ಹೆಸರನ್ನೆಲ್ಲ ಕೇಳಿ ಬರೆದುಕೊಂಡಿದ್ದೆ.

ಆಮೇಲೆ ಅವರು ಒಂದು ಪ್ರಶ್ನೆ ಕೇಳಿದರು. ಕುಹಕ ಇರಲಿಲ್ಲ ಅದರಲ್ಲಿ. ಡಾಕ್ಟರ ಹತ್ತಿರ ಔಷಧಿ ಇದೆಯಾ ಅಂತ ಕೇಳುವವರ ಧ್ವನಿ.

"ನೀರನ್ನ ವಾಪಸ್ ಕಳಿಸೋ ಪೂಜೆ ನಿಮ್ಮಲ್ಲಿ ಇದೆಯಾ?"

ಅತ್ತೆಗೆ ಹೇಳಿದೆ. ಹೇಳದೆ ಇರಬೇಕಿತ್ತೋ ಏನೋ... ಅವರು ಬಾಯಿಗೆ ಕೈ ಇಟ್ಟುಕೊಂಡರು. ಬಾಗಿನ ಇನ್ನೂ ಮುಳುಗಿರಲಿಲ್ಲ, ಆ ದುಂಡು ಮೊರ ಕಂಬದ ಸುತ್ತ ಮೆಲ್ಲಗೆ ತಿರುಗುತ್ತಿತ್ತು. ತಗೊಳ್ಳೇ, ಅದನ್ನ ವಾಪಸ್ ತಗೊಳ್ಳೇ ಅಂತ ಅತ್ತೆ ದೋಣಿಯಿಂದ ಬಗ್ಗಿ ಕೈಚಾಚಿದರು. ದೋಣಿ ವಾಲಿತು. ದೋಣಿಯಣ್ಣ ಓಡಿ ಬಂದು ಅವರ ಎರಡೂ ಭುಜ ಹಿಡಿದು ಕೂರಿಸಿದರು. ಪರವಾಗಿಲ್ಲ ಶೋಶೋ, ಪರವಾಗಿಲ್ಲ ಅಂತ ಅವರೇ ಸಮಾಧಾನ ಮಾಡಿದರು. ನಮ್ಮ ಕಣ್ಣೆದುರಿಗೇ ಮೊರ ಒಂದು ಕಡೆ ತಗ್ಗಿ, ನೀರು ಕುಡಿದು, ಒಳಗೆ ಹೋಯಿತು.

ಮನೆಗೆ ಬಂದು ಅತ್ತೆ ಮೈಸೂರಿನ ಪುರೋಹಿತರಿಗೆ ಫೋನ್ ಮಾಡಿದರು. ಮಳೆ ತರಿಸೋಕೆ ಜಪ ಇದೆ, ಹೋಮ ಇದೆ, ಬಂದ ಗಂಗೆಯನ್ನ ಹೋಗು ಅನ್ನೋದುಂಟೇ ಅಮ್ಮ ಅಂದರಂತೆ ಅವರು. ನಿಮ್ಮ ಮನೆ ಮುಳುಗಿದ್ದರೆ ಗೊತ್ತಾಗಿರೋದು ಅಂತ ಅತ್ತೆ ಫೋನ್ ಇಟ್ಟರು. ಜೀವಮಾನದಲ್ಲಿ ಅವರು ಪುರೋಹಿತರಿಗೆ ಎದುರಾಡಿದ್ದು ಅದೊಂದೇ ಸಲ. ನಿಜ ಹೇಳಬೇಕೆಂದರೆ ಪುರೋಹಿತರು ಹೇಳಿದ್ದೂ ಸರಿಯೇ. ಮನೆ ಬಿಡುವವರಿಗೆ ನಾವು ಹೋಗಿ ಬಾ ಅಂತೀವಿ, ಬರೀ ಹೋಗು ಅಂದರೆ ಅಪಶಕುನ. ಗಣಪತಿಯನ್ನ ಬಿಡುವಾಗಲೂ ಬರುವ ವರ್ಷ ಮತ್ತೆ ಬಾಪ್ಪ ಅಂತಲೇ ಬಿಡೋದು. ಕಳಿಸೋದಕ್ಕೆ ಅಂತಲೇ ಒಂದು ಮಾತು ನಮ್ಮ ಮನೆಗಳಲ್ಲಿ ಇಲ್ಲ.

ನನಗೆ ತೋಚಿದ್ದನ್ನೆಲ್ಲ ಮಾಡಿದೆ. ಕನ್ನಡದವರ ಮನೆಗಳಿಂದ ಕಂಬಳಿ, ಪಾತ್ರೆ, ಬಟ್ಟೆ ಕೂಡಿಸಿ ಕಾರು ತುಂಬ ಒಯ್ದುಕೊಟ್ಟೆ. ಬೇರೆ ಕಡೆ ಜಾಗಕ್ಕಾಗಿ ಅರ್ಜಿ ಬರೆದುಕೊಟ್ಟೆ. ಅದು ಯಾವ ಟೇಬಲ್ ಮೇಲೆ ಮಲಗಿತೋ ದೇವರೇ ಬಲ್ಲ. ದೋಣಿಯಣ್ಣ ಎಲ್ಲಕ್ಕೂ ಅಸಾಂಟೆ, ಉಪಕಾರವಾಯ್ತು ಮಾಮಾ ಅಂದರು. ಆದರೆ ಅವರಿಗೆ ಬೇಕಾಗಿದ್ದದ್ದು ಒಂದೇ, ನೀರು ಇಳಿಯಬೇಕು, ಮನೆಗೆ ಹೋಗಬೇಕು. ಅದು ನನ್ನ ಕೈಲಿರಲಿಲ್ಲ.

ನೀರಿನ ಮಟ್ಟ ನೋಡೋಕೆ ಅಂತ ಆ ಕಂಬಕ್ಕೆ ಅವರು ಬಿಳಿ ಬಣ್ಣದಲ್ಲಿ ಮೂರು ಪಟ್ಟಿ ಬಳಿದಿದ್ದರು. ಪ್ರತಿ ಸೋಮವಾರ ಬೆಳಿಗ್ಗೆ ಅದರ ಫೋಟೋ ನನಗೆ ಬರುತ್ತಿತ್ತು. ಕೆಳಗಿನ ಪಟ್ಟಿ ಮುಳುಗಿತು. ನಾನು ಕೈಮುಗಿಯುವ ಚಿತ್ರ ಕಳಿಸಿದೆ. ನಡುವಿನ ಪಟ್ಟಿ ಮುಳುಗಿತು. ಮತ್ತೆ ಕೈಮುಗಿಯುವ ಚಿತ್ರ. ಥೂ, ಆ ಚಿತ್ರ ಕಂಡರೆ ಈಗಲೂ ಮೈ ಉರಿಯುತ್ತೆ. ಯಾರಿಗೆ ಕೈಮುಗಿದೆ ನಾನು, ಅವರಿಗೋ, ಆ ನೀರಿಗೋ? ಇದು ಮಳೆಯ ಲೆಕ್ಕ ಕಣೇ, ನಿನ್ನ ತೆಂಗಿನಕಾಯಿಗೆ ಕೆರೆ ಉಕ್ಕುತ್ತಾ ಅಂತ ಯಜಮಾನರು ಬೈದರು. ಅದು ನನಗೂ ಗೊತ್ತಿತ್ತು. ಗೊತ್ತಿದ್ದರೂ ಸೋಮವಾರ ಬಂದರೆ ಫೋನನ್ನ ಬೋರಲಿಟ್ಟು ಕಾಫಿಗಿಡುತ್ತಿದ್ದೆ. ಊರಿಗೆ ಮರಳಿದ್ದ ಅತ್ತೆ ಫೋನ್ ಮಾಡಿದರೆ ಮೊಮ್ಮಗಳನ್ನ ವಿಚಾರಿಸುವ ಮೊದಲು, ನೀರು ಇಳೀತಾ ಅಂತಲೇ ಕೇಳುತ್ತಿದ್ದರು.

ಒಂದು ಸೋಮವಾರದ ಫೋಟೋದಲ್ಲಿ ಕಂಬದ ಮೇಲೆ ಅವರ ಬೆರಳೂ ಇತ್ತು. ಮುಳುಗಿದ್ದ ನಡುವಿನ ಪಟ್ಟಿಯ ಅಂಚು ಬೆರಳಗಲ ಮೇಲೆ ಕಾಣುತ್ತಿತ್ತು. ಇಳಿಯುತ್ತಿದೆ ಮಾಮಾ, ಶೋಶೋಗೆ ಹೇಳಿ ಅಂತ ಬರೆದಿದ್ದರು. ನಾನು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತುಬಿಟ್ಟೆ. ಅತ್ತೆ ಅವತ್ತು ಸಂಜೆ ಪಾಯಸ ಮಾಡಿದರಂತೆ.

ಮುಂದಿನ ಸೋಮವಾರ ಫೋಟೋ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ನಾನು ಫೋನ್ ಮಾಡಿದಾಗ ಎತ್ತಿದ್ದು ಅವರ ಹೆಂಡತಿ. ಬರೀ ಸ್ವಾಹಿಲಿ, ಅದೂ ಅಳುತ್ತಾ. ತರಕಾರಿ ಕೊಳ್ಳೋದಕ್ಕಷ್ಟೇ ಸಾಲುವ ನನ್ನ ಸ್ವಾಹಿಲಿಗೆ ಏನೂ ಎಟುಕಲಿಲ್ಲ. ಇಲ್ಲೇ ಬೆಳೆದ ಮಗಳನ್ನ ಕರೆದು ಫೋನ್ ಕೈಗಿಟ್ಟೆ. ಹದಿನಾಲ್ಕರ ಹುಡುಗಿ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಅವತ್ತು ಮಾತ್ರ ಕನ್ನಡ ಹುಡುಕಿ ಹುಡುಕಿ ಹೇಳಿದಳು. ನೀರು ಇಳಿಯೋಕೆ ಶುರುವಾದಮೇಲೆ ಅಂಕಲ್ ದಿನಾ ಬೆಳಿಗ್ಗೆ ಒಬ್ಬರೇ ಮನೆ ನೋಡೋಕೆ ಹೋಗ್ತಿದ್ರಂತೆ. ದಾರಿಯಲ್ಲಿ ಹಿಪ್ಪೋ ಮರಿ ಹಾಕಿಕೊಂಡಿತ್ತಂತೆ. ಅದು ಗುದ್ದಿ ದೋಣಿ ಮಗುಚಿತಂತೆ, ಅಂಕಲ್ ಮೇಲೆ ಬರಲೇ ಇಲ್ವಂತೆ. ಅಷ್ಟು ಹೇಳಿ ಅವಳು ಫೋನನ್ನ ನನ್ನ ಕೈಗೆ ವಾಪಸ್ ಕೊಟ್ಟಳು. ಆ ಹೆಂಗಸಿಗೆ ನಾನು ಪೋಲೆ, ಪೋಲೆ ಸಾನಾ ಅಂದೆ. ದುಃಖಕ್ಕೆ ನನಗೆ ಬರುತ್ತಿದ್ದ ಮಾತು ಅದೊಂದೇ. ಎಷ್ಟು ಸಲ ಅಂದೆನೋ...

ಅದಾಗಿ ಎರಡು ವರ್ಷ ನಾನು ಆ ಕಡೆ ತಲೆ ಹಾಕಿರಲಿಲ್ಲ. ನೆಂಟರು ಬಂದರೆ ಏನಾದರೂ ನೆಪ ಹೇಳುತ್ತಿದ್ದೆ. ಈ ಸಲ ನಾದಿನಿ ಬಿಡಲಿಲ್ಲ. ಹೊಸ ದೋಣಿಯವರು ಅದೇ ದಾರಿಯಲ್ಲಿ, ಅದೇ ಮರಗಳ ನಡುವೆ ಕರೆದುಕೊಂಡು ಹೋದರು. ನೀರು ತುಂಬ ಇಳಿದಿತ್ತು. ತುಕ್ಕು ಹಿಡಿದ ತಗಡಿನ ಸೂರು ಪೂರ್ತಿ ಮೇಲೆ ಬಂದಿತ್ತು, ಒಂದು ಕಿಟಕಿಯ ಅರ್ಧವೂ ಕಾಣುತ್ತಿತ್ತು. ಕಂಬದಲ್ಲಿ ಮೂರೂ ಬಿಳಿ ಪಟ್ಟಿ ಹಾಗೇ ಇದ್ದವು. ಮಿಂಚುಳ್ಳಿ ಕೂತಿತ್ತು. ಅಯ್ಯೋ ಅತ್ತಿಗೆ ಅಲ್ಲಿ ನೋಡಿ ಅಂತ ನಾದಿನಿ ಮೊಬೈಲ್ ಎತ್ತಿದಳು.

ಅತ್ತೆಗೆ ಫೋನ್ ಮಾಡಿದೆ. ಕೆರೆಯಲ್ಲಿದ್ದೀನಿ ಅಂದೆ. ನೀರು ಇಳೀತಾ ಅಂತ ಕೇಳಿದರು. ಇಳಿದಿದೆ ಅತ್ತೆ ಅಂದೆ.

ಫೋನ್ ಇಟ್ಟು ದೋಣಿಯ ಅಂಚಿನಿಂದ ಬಗ್ಗಿ ನೀರಿಗೆ ಕೈ ಹಾಕಿದೆ. ಬೆಚ್ಚಗಿತ್ತು.

"ಹೋಗು," ಅಂದೆ.

ಬಾ ಅಂತ ಸೇರಿಸಲಿಲ್ಲ. ದೋಣಿಯಣ್ಣ ಟೋಪಿ ಹಿಡಿದು ನಿಂತು ಕೇಳಿದ ಸಂಜೆಯೇ ಈ ಒಂದು ಮಾತನ್ನ ಅಂದಿದ್ದರೆ ಕೆರೆಯೇನೂ ಇಳಿಯುತ್ತಿರಲಿಲ್ಲ. ಅವರಿಗೆ ಕೇಳಿಸುತ್ತಿತ್ತು.